ಉಡಿಕೆ ಸಾಲಿನ ಅಧ್ಯಾಯ

ಇದು ಆಗುವ ಕೆಲಸ ಅಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ಬಾಳ್ಳುಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾರೆ, ನಮ್ಮ ಸಮಾಜದ ಸಂಘದ ಸಮಿತಿಯಲ್ಲೂ ಇದ್ದಾರೆ. ನಾನು ಪಿಎಚ್‌.ಡಿ.ಗೆ ಹೆಸರು ನೋಂದಾಯಿಸಿದೆ ಎಂದು ತಿಳಿಸಲು ಹೋದ ದಿನ ಲಾರಿಯಿಂದ ಯೂರಿಯಾ ಮೂಟೆ ಇಳಿಸಿಕೊಳ್ಳುತ್ತಿದ್ದರು. "ನಿಮ್ಮಪ್ಪ ಹೆಬ್ಬೆಟ್ಟು. ನಿಮ್ಮವ್ವ ನಾಕನೇ ಕ್ಲಾಸು. ನೀನು ಎಂ.ಎ. ಮಾಡಿದ್ದೇ ಹೆಚ್ಚಾಯ್ತು ಕಣಮ್ಮಣ್ಣಿ. ಡಾಕ್ಟ್ರು ಗೀಕ್ಟ್ರು ಎಲ್ಲಾ ನಮ್ಮಂಥೋರ ಮನೇಲಿ ಆಗೋದಲ್ಲ," ಎಂದರು. ಎರಡನೆಯವರು ನಾನು ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುವ ಕಾಲೇಜಿನ ಹಿರಿಯರೊಬ್ಬರು. ಅವರ ಆಕ್ಷೇಪ ಬೇರೆ ಥರದ್ದು. ಸಮಾಜ ಸುಧಾರಣೆ ನಡೆದದ್ದೆಲ್ಲ ಕಲ್ಕತ್ತ, ಪುಣೆ ಕಡೆ; ಆಲೂರು, ಸಕಲೇಶಪುರದ ಗುಡ್ಡದಲ್ಲಿ ಏನು ಚಳವಳಿ ಇತ್ತು, ಏನು ಬರೆಯುತ್ತೀರಿ ಎಂದರು.

ಬರೆಯುವುದಕ್ಕೆ ಇತ್ತು. ಸಕಲೇಶಪುರದಲ್ಲಿ ಪಿಯುಸಿ, ಡಿಗ್ರಿ ಓದುವಾಗ ನಾನು ಉಳಿದುಕೊಂಡಿದ್ದ ಸಮಾಜದ ಹಾಸ್ಟೆಲಿನ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಕಲ್ಲಿದೆ. ಬ್ರಿಟಿಷರ ಕಾಲದಲ್ಲಿ ಈ ಸೀಮೆಯ ಶೈವ ರೈತರು, ವ್ಯಾಪಾರಿಗಳು ಸೇರಿ ಸಂಘ ಕಟ್ಟಿಕೊಂಡಾಗ ಮಾಡಿದ ತೀರ್ಮಾನಗಳನ್ನು ಅದರ ಮೇಲೆ ಕೊರೆಸಿದ್ದಾರೆ. ಹೆಂಡ ಮುಟ್ಟಬಾರದು. ದೇವರ ಹೆಸರಿನಲ್ಲಿ ಕುರಿ ಕೋಳಿ ಕಡಿಯಬಾರದು. ತೆರ ತೆಗೆದುಕೊಂಡು ಹೆಣ್ಣು ಕೊಡಬಾರದು. ಗಂಡು ಹೆಣ್ಣೆನ್ನದೆ ಮಕ್ಕಳನ್ನು ಶಾಲೆಗೆ ಕಳಿಸಬೇಕು. ಉಡಿಕೆ ನಿಲ್ಲಿಸಬೇಕು. ಪ್ರತಿ ವರ್ಷ ಸಂಘದ ವಾರ್ಷಿಕೋತ್ಸವದಲ್ಲಿ ಹಾಸ್ಟೆಲಿನ ಹುಡುಗಿಯೊಬ್ಬಳು ಇದನ್ನು ಗಟ್ಟಿಯಾಗಿ ಓದಬೇಕು. ನನ್ನ ಧ್ವನಿ ಜೋರು ಎಂದು ಎರಡು ಸಲ ನನ್ನ ಕೈಯಲ್ಲೇ ಓದಿಸಿದ್ದರು. ಒಳ್ಳೆ ಚಪ್ಪಾಳೆ ಬಿದ್ದಿತ್ತು.

ಉಡಿಕೆ ಎಂದರೆ ಗಂಡ ಸತ್ತ ಹೆಂಗಸಿಗೆ ಇನ್ನೊಬ್ಬ ಗಂಡಸು ಹೊಸ ಸೀರೆ ಉಡಿಸಿ ಮನೆಗೆ ಕರೆದುಕೊಂಡು ಬರುವುದು. ಬೇಸಾಯದ ಮನೆಗಳಲ್ಲಿ ಹಿಂದಿನಿಂದ ನಡೆದುಬಂದದ್ದು. ದೇಶದ ಬೇರೆ ಕಡೆ ಸುಧಾರಕರು ವಿಧವೆಯರಿಗೆ ಮರುಮದುವೆ ಆಗಲಿ ಎಂದು ಬೈಸಿಕೊಂಡು ಹೊಡೆಸಿಕೊಂಡು ಹೋರಾಡುತ್ತಿದ್ದರು. ನಮ್ಮ ಸುಧಾರಕರು ಇದ್ದ ಮರುಮದುವೆಯನ್ನೇ ನಿಲ್ಲಿಸಿದ್ದರು. ಮೇಲು ಎನಿಸಿಕೊಂಡವರ ಮನೆಗಳಲ್ಲಿ ಉಡಿಕೆ ಇರಲಿಲ್ಲ. ಇವರೂ ಅವರ ಸಮಕ್ಕೆ ಕಾಣಬೇಕಿತ್ತು, ಸರ್ಕಾರದ ಕಣ್ಣಿಗೂ ಹಾಗೆಯೇ ಬೀಳಬೇಕಿತ್ತು. ಗಟ್ಟಿಯಾಗಿ ಓದುವಾಗ ಇದು ನನಗೆ ಹೊಳೆದಿರಲಿಲ್ಲ. ಎಂ.ಎ. ಮುಗಿದ ಮೇಲೆ ಹೊಳೆಯಿತು. ನಿಲ್ಲಿಸಿದ ಮೇಲೆ ಆ ಹೆಂಗಸರು ಏನಾದರು ಎನ್ನುವುದೇ ನನ್ನ ಮಹಾಪ್ರಬಂಧದ ಪ್ರಶ್ನೆಯಾಯಿತು.

ಮೊದಲ ನಾಲ್ಕು ಅಧ್ಯಾಯ ಕಷ್ಟವಾಗಲಿಲ್ಲ. ಸಂಘ ಹುಟ್ಟಿದ್ದು, ಹೆಂಡ ಬಿಡಿಸಿದ್ದು, ಹಾಸ್ಟೆಲ್ ಕಟ್ಟಿಸಿದ್ದು, ಇವಕ್ಕೆಲ್ಲ ಮಾತಾಡುವ ಗಂಡಸರು ಬೇಕಾದಷ್ಟು ಇದ್ದರು. ಸಂಘದ ಈಗಿನ ಅಧ್ಯಕ್ಷರು ಆನೇಮಹಲ್ ಕಡೆಯ ದೊಡ್ಡ ಎಸ್ಟೇಟಿನವರು, ಸಂಘ ಸ್ಥಾಪಿಸಿದವರ ಮೊಮ್ಮಗ. ಬಂಗಲೆಗೆ ಕರೆಸಿ ಕಾಫಿ ಕೊಟ್ಟು, ಹಳೆಯ ಫೋಟೋ ತೋರಿಸಿ, "ನಮ್ಮ ಹಾಸ್ಟೆಲ್ ಹುಡುಗಿ ಡಾಕ್ಟರ್ ಆಗ್ತಾಳೆ ಅಂದ್ರೆ ನಮಗೇ ಹೆಮ್ಮೆ," ಎಂದರು. ಅವರು ಹಾಗೆ ಹೇಳಿದ್ದು ಮನಸ್ಸಿನಿಂದಲೇ.

ಐದನೇ ಅಧ್ಯಾಯ ಹೆಂಗಸರದ್ದು. ಇದರ ಕ್ರಮ ಹೀಗೆ: ಮೊದಲು ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳಬೇಕು. ಇನ್ನೊಂದು ದಿನ ಹೋಗಿ ಒಪ್ಪಿಗೆ ಪತ್ರ ಮಾಡಿಸಿಕೊಂಡು, ಮೊಬೈಲಿನಲ್ಲಿ ಮಾತು ದಾಖಲಿಸಬೇಕು. ಅದನ್ನು ಅವರು ಆಡಿದ ಹಾಗೆಯೇ ಬರಹಕ್ಕಿಳಿಸಿ, ಮತ್ತೆ ಹೋಗಿ ಅವರಿಗೆ ಓದಿ ಹೇಳಬೇಕು. ಬೇಡ ಎಂದ ಮಾತನ್ನು ತೆಗೆಯಬೇಕು. ನನ್ನ ಭಾನುವಾರಗಳೆಲ್ಲ ಇದಕ್ಕೇ ಹೋದವು. ಪಾಳ್ಯದ ಒಂದು ಮನೆಯಲ್ಲಿ ಎಲೆಯಡಿಕೆ ಜಗಿಯುತ್ತ ಕೂತಿದ್ದ ಮುದುಕಿಯನ್ನು ಕೇಳಿದೆ.

"ಉಡಿಕೆನಾ? ನಮ್ಮೂರಲ್ಲಿಲ್ಲ ಕಣವ್ವ. ಅದೆಲ್ಲ ಹೊಳೆ ಆಚೇಲಿ."

ಹೊಳೆ ದಾಟಿ ಹೋದೆ. ಅಲ್ಲಿಯ ಮುದುಕಿ ನಕ್ಕಳು. "ಆಚೆ ದಡದೋರು ಹೇಳಿ ಕಳಿಸಿದ್ರಾ? ಅವ್ರಲ್ಲೇ ಕಣೆ ಇದ್ದಿದ್ದು. ನಾವು ಶುದ್ಧದೋರು."

ಹೀಗೇ ಎರಡು ದಡದ ನಡುವೆ ಓಡಾಡಿದ್ದಾಯಿತು. ಆರು ತಿಂಗಳ ಪ್ರಗತಿ ವರದಿ ಒಪ್ಪಿಸುವ ಹೊತ್ತಿಗೆ ನನ್ನ ಮೊಬೈಲಿನ ತುಂಬ ಇದ್ದದ್ದು "ನಮ್ಮಲ್ಲಿಲ್ಲ" ಎನ್ನುವ ಒಂದೇ ಉತ್ತರ. ವಿಶ್ವವಿದ್ಯಾಲಯದ ಸಮಿತಿಯವರು ಆಧಾರವಿಲ್ಲದಿದ್ದರೆ ಅಧ್ಯಾಯ ಕೈಬಿಡಿ ಎಂದರು. ನನ್ನ ಮಾರ್ಗದರ್ಶಕರು ನಿವೃತ್ತಿಗೆ ಹತ್ತಿರವಿದ್ದವರು, ಒಳ್ಳೆಯವರು. "ಇನ್ನೊಂದು ವರ್ಷ ನೋಡಮ್ಮ," ಎಂದು ಸಮಿತಿಯ ಮುಂದೆ ನನ್ನ ಪರವಾಗಿ ಅವಧಿ ಕೇಳಿದರು.

ಆ ಬೇಸಗೆಯಲ್ಲಿ ಚಿಕ್ಕಪ್ಪನ ಮಗನ ಮದುವೆ ಬಂತು. ಹಿಂದಿನ ದಿನ ಬೆಳಿಗ್ಗೆ ಅರಿಶಿನ ಕುಟ್ಟುವ ಶಾಸ್ತ್ರ. ಅಂಗಳದಲ್ಲಿ ಒರಳಿಟ್ಟು, ಸುಣ್ಣದ ಪಟ್ಟೆ ಬಳಿದು, ಒನಕೆಗೆ ಅರಿಶಿನದ ಕೊಂಬು, ವೀಳ್ಯದೆಲೆ ಕಟ್ಟಿದ್ದರು. ಐದು ಜನ ಮುತ್ತೈದೆಯರು ಒನಕೆ ಹಿಡಿದು ಕುಟ್ಟಬೇಕು. ಚಿಕ್ಕಮ್ಮ ಅಡುಗೆಯವರ ಜೊತೆ ಜಗಳದಲ್ಲಿದ್ದಳು. ಅಲ್ಲಿಂದಲೇ ಕೂಗಿದಳು: "ಐದು ಜನಾನ ಕರಿಯೇ ನೀನೇ. ಅಷ್ಟು ಓದಿದ್ದೀಯ, ಐದರಗಂಟ ಎಣ್ಸಕ್ಕೆ ಬರಲ್ವಾ?"

ಎಲ್ಲರೂ ನಕ್ಕರು. ನಾನೂ ನಗುತ್ತ ನಾಲ್ವರನ್ನು ಕರೆದು ನಿಲ್ಲಿಸಿದೆ. ಐದನೆಯದಕ್ಕೆ, "ಅವ್ವಾ, ಬಾ," ಎಂದೆ.

ಒನಕೆ ಹಿಡಿದಿದ್ದ ದೊಡ್ಡಮ್ಮ ನೆಲ ನೋಡಿದಳು. ಅವ್ವ ಮಾತ್ರ ಸಲೀಸಾಗಿ, "ನಂಗೆ ಸೊಂಟ ಹಿಡ್ಕಂಡೈತೆ ಕಣವ್ವ, ಬ್ಯಾರೆಯೋರ್ನ ಕರಿ. ಒಳಗೆ ಹಾಲು ಉಕ್ತದೆ," ಎಂದು ಎದ್ದು ಹೋದಳು. ಅದೇ ಬೆಳಿಗ್ಗೆ ಬಾವಿಯಿಂದ ಕೊಡಗಟ್ಟಲೆ ನೀರು ಹೊತ್ತವಳು ಅವಳು. ನಾನು ಒಳಗೆ ಹೋಗಿ ನೋಡಿದರೆ ಒಲೆಯ ಮೇಲೆ ಹಾಲು ಇಟ್ಟೇ ಇರಲಿಲ್ಲ.

ಅಲ್ಲೇ ನಿಂತು ನನಗೆ ನೆನಪಿದ್ದ ಮದುವೆಗಳನ್ನೆಲ್ಲ ಒಂದೊಂದಾಗಿ ನೆನೆದೆ. ಶಾಸ್ತ್ರದ ಹೊತ್ತಿಗೆ ಅವ್ವ ಯಾವಾಗಲೂ ಎಲ್ಲೋ ಇರುತ್ತಿದ್ದಳು. ಯಾರದೋ ಕೂಸು ಆಡಿಸುತ್ತಿರುತ್ತಿದ್ದಳು, ಎಲೆ ಒರೆಸುತ್ತಿರುತ್ತಿದ್ದಳು. ಕೆಲಸಗಾತಿ, ಒಂದು ಕಡೆ ಕೂರುವವಳಲ್ಲ ಎಂದು ನಾನು ಅಂದುಕೊಂಡಿದ್ದೆ. ಅಪ್ಪ ಗಟ್ಟಿಮುಟ್ಟಾಗಿದ್ದಾರೆ, ಅವಳ ಹಣೆಯಲ್ಲಿ ಕುಂಕುಮವಿದೆ. ಆದರೂ ಅವಳನ್ನು ಒರಳಿನ ಹತ್ತಿರ ಯಾರೂ ಕರೆದದ್ದನ್ನು ನಾನು ಕಂಡಿರಲಿಲ್ಲ.

ಮದುವೆ ಮುಗಿಸಿ ಊರಿಗೆ ಬಂದ ಮೇಲೆ ಅವ್ವ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಹಿತ್ತಲ ಕಣದಲ್ಲಿ ಕಡೆಯ ಕೊಯ್ಲಿನ ಕಾಫಿ ಹರಡಿತ್ತು. ಅವಳು ಕಾಲಿನಲ್ಲಿ ಗೆರೆ ಎಳೆಯುತ್ತ ಹಣ್ಣು ತಿರುವುತ್ತಿದ್ದಳು. ನಾನು ಹೋಗಿ ಇನ್ನೊಂದು ಕಡೆಯಿಂದ ಅದೇ ಕೆಲಸ ಶುರು ಮಾಡಿದೆ.

"ನನ್ನ ಕರಿ ಅಂತ ನಿಂಗ್ಯಾರ್ ಹೇಳಿದ್ರು?" ಎಂದಳು.

"ಯಾಕ್ ಕರೀಬಾರ್ದು?"

ಅವಳು ಹಣ್ಣು ತಿರುವುತ್ತ ಕಣದ ಆ ತುದಿಗೆ ಹೋಗಿ ಈ ತುದಿಗೆ ಬಂದಳು. ಆಮೇಲೆ ಹೇಳಿದಳು. "ನಮ್ಮಜ್ಜಿ ಉಡಿಕೆ ಆದೋಳು ಕಣೆ."

ಅವ್ವನ ಅಜ್ಜಿ, ಅಂದರೆ ನನ್ನ ಮುತ್ತಜ್ಜಿ. ಮೊದಲ ಗಂಡ ಜ್ವರ ಬಂದು ತೀರಿಕೊಂಡಾಗ ಇನ್ನೂ ಮಕ್ಕಳಿರಲಿಲ್ಲ. ಪಕ್ಕದೂರಿನ ಹೆಂಡತಿ ಸತ್ತವನೊಬ್ಬ ಸೀರೆ ತಂದ. ಸಂಘ ಆಗಲೇ ತೀರ್ಮಾನ ಮಾಡಿ ಆಗಿತ್ತು. "ಗಾಡಿ ಕಟ್ಕಂಡು ಸಂಘದೋರು ಬಂದ್ರಂತೆ. ನಿಲ್ಸು ಅಂದ್ರಂತೆ. ಅವ್ಳಪ್ಪ ನಿಲ್ಸಲಿಲ್ಲ. ನನ್ ಮಗ್ಳು ಹೊಟ್ಟೆಗೆ ನೀವು ಹಾಕ್ತೀರಾ ಅಂದ್ನಂತೆ."

"ಆಮೇಲೆ?"

"ಆಮೇಲೇನು. ಬೆಂಕಿ ಇಲ್ಲ, ನೀರಿಲ್ಲ. ಎಷ್ಟೋ ವರ್ಸ ಆದ್ಮೇಲೆ ಸೇರಿಸ್ಕಂಡ್ರು. ಸೇರಿಸ್ಕಂಡ್ರೂವೆ, ಉಡಿಕೆ ಸಾಲು ಬ್ಯಾರೆ ಅಂದ್ಬುಟ್ರು. ಮದ್ವೇಲಿ ಉಣ್ಬೋದು, ದುಡೀಬೋದು, ಶಾಸ್ತ್ರ ಮಾತ್ರ ಮುಟ್ಟಂಗಿಲ್ಲ. ಮೂರು ತಲೆಗಂಟ."

ಮುತ್ತಜ್ಜಿ ಒಂದು, ಅಜ್ಜಿ ಎರಡು, ಅವ್ವ ಮೂರು.

"ನನ್ ತಲೆಗೆ ಮುಗೀತದೆ. ನಿಂಗೂ ನಿನ್ ತಂಗಿಗೂ ತಾಕಲ್ಲ. ಅದ್ಕೇ ಬಾಯ್ ಮುಚ್ಕಂಡಿದ್ದೆ. ನಾನ್ ಹೋದ್ರೆ ನನ್ ಜೊತೆ ಅದೂ ಹೋಯ್ತದೆ ಅಂತಿದ್ದೆ. ನೀನ್ ನೋಡಿದ್ರೆ ಅದ್ನೇ ಹುಡಿಕ್ಕಂಡು ಮನೆಮನೆ ತಿರುಗ್ತಿದ್ದೀಯ."

ಕಾಲಡಿಯ ಕಾಫಿ ಕಾದಿತ್ತು. ನನ್ನನ್ನು ಓದಿಸಿದ್ದು ಆ ಕಲ್ಲಿನ ಮೇಲಿದ್ದ ಒಂದು ಸಾಲು. ಮುತ್ತಜ್ಜಿಯನ್ನು ಊರಾಚೆ ಇಟ್ಟದ್ದು ಅದರ ಕೆಳಗಿನ ಸಾಲು. ಎರಡನ್ನೂ ಕೊರೆಸಿದವರು ಒಬ್ಬರೇ. ಅವರನ್ನು ಬರಿದೇ ಹೊಗಳುವ ಹಾಗೂ ಇಲ್ಲ, ಬರಿದೇ ಬೈಯುವ ಹಾಗೂ ಇಲ್ಲ. ಅಷ್ಟು ದಿನ ಊರೆಲ್ಲ ಹುಡುಕಿದ ಆಧಾರ ಮನೆಯಲ್ಲೇ ಸಿಕ್ಕಿತ್ತು. ಬರೆದರೆ ಅವ್ವ ಮುಗಿಸಬೇಕೆಂದಿದ್ದ ಕಥೆಗೆ ನಾನೇ ಮತ್ತೆ ಜೀವ ಕೊಟ್ಟಂತೆ. ಬರೆಯದಿದ್ದರೆ ನಾನು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಗೊತ್ತಿಲ್ಲ ಎಂದಂತೆ.

ಒಂದು ವಾರ ಬಿಟ್ಟು ಅವಳನ್ನೇ ಕೇಳಿದೆ. "ಬರ್ಕೋ. ಹೆಸ್ರು ಮಾತ್ರ ಬ್ಯಾಡ," ಎಂದಳು.

ಆಮೇಲೆ ನನ್ನ ಕೆಲಸದ ದಾರಿ ಬದಲಾಯಿತು. ಕೇಳುವುದನ್ನು ಬಿಟ್ಟೆ, ನೋಡತೊಡಗಿದೆ. ಕರೆದ ಮದುವೆ, ಕರೆಯದ ಮದುವೆ ಎನ್ನದೆ ಹೋದೆ. ಅರಿಶಿನ ಕುಟ್ಟುವಾಗ, ಚಪ್ಪರಕ್ಕೆ ಪೂಜೆ ಮಾಡುವಾಗ, ಆರತಿ ಎತ್ತುವಾಗ ಅಂಗಳದಲ್ಲಿ ಯಾರು ಎಲ್ಲಿ ನಿಂತರು, ಯಾರು ಅದೇ ಹೊತ್ತಿಗೆ ಎದ್ದು ಹೋದರು ಎಂದು ಲಗ್ನಪತ್ರಿಕೆಯ ಹಿಂಬದಿಯಲ್ಲಿ ನಕ್ಷೆ ಬರೆದುಕೊಂಡೆ. ಸೊಂಟ ನೋವು, ಹಾಲು ಉಕ್ಕುವುದು, ಕೂಸು ಅಳುವುದು, ಚಪ್ಪಲಿ ಕಾಣದಿರುವುದು, ಎಲ್ಲ ಮನೆಗಳಲ್ಲೂ ಇವೇ ನೆವ. ಹಾಗೆ ಎದ್ದು ಹೋಗುವವರು ಆಯಾ ಮನೆಗಳಲ್ಲಿ ಯಾವಾಗಲೂ ಅವರೇ. ಆದರೆ ನಕ್ಷೆ ಒಂದೇ ಸಾಲದು. ನಿಜವಾಗಿಯೂ ಸೊಂಟ ನೋವಿರುವವರೂ ಇರುತ್ತಾರೆ. ಕಾರಣ ಹೇಳುವ ಬಾಯಿ ನನ್ನ ಬಳಿ ಒಂದೇ ಇತ್ತು. ಅದಕ್ಕೆ 'ಪಾಳ್ಯ ಹೋಬಳಿಯ ಒಬ್ಬ ಮಹಿಳೆ' ಎಂದು ಹೆಸರಿಟ್ಟು ಅಧ್ಯಾಯ ಮುಗಿಸಿದೆ.

ಇದೇ ಕಾಲಕ್ಕೆ ಮಾವ ನನ್ನ ತಂಗಿಗೆ ಗಂಡು ತಂದರು. ತಂಗಿ ನರ್ಸಿಂಗ್ ಮುಗಿಸಿ ಸಕಲೇಶಪುರದ ನರ್ಸಿಂಗ್ ಹೋಮ್ ಒಂದರಲ್ಲಿದ್ದಳು. ಹುಡುಗನದು ಬಾಳ್ಳುಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ನೋಡುವ ಶಾಸ್ತ್ರ ಮುಗಿದು, ಇಬ್ಬರೂ ಒಪ್ಪಿ, ದಿನ ಗೊತ್ತು ಮಾಡುವುದೊಂದು ಬಾಕಿ ಇತ್ತು.

ಪ್ರಬಂಧ ಸಲ್ಲಿಸುವ ಮುಂಚೆ ಎಲ್ಲರೆದುರು ಅದರ ಸಾರಾಂಶ ಮಂಡಿಸಬೇಕು. ನಾನು ಮಂಡಿಸಿದ ವಾರದಲ್ಲೇ ಮಾವ ಪಾಳ್ಯದ ನಮ್ಮ ಮನೆಗೆ ಬಂದರು. ಬೈಕ್ ಇಳಿದವರು ಚಪ್ಪಲಿ ಬಿಡದೆ ಜಗಲಿಯ ಕೆಳಗೇ ನಿಂತರು.

"ಏನಮ್ಮಣ್ಣಿ, ಮನೆ ಹೆಂಚು ನೀನೇ ತೆಗೀತಿದ್ದೀಯಂತೆ?"

"ಹೆಸರು ಹಾಕಿಲ್ಲ ಮಾವ."

"ಪಾಳ್ಯ ಹೋಬಳಿ ಅಂತ ಹಾಕಿದ್ದೀಯಲ್ಲ. ಇಲ್ಲಿ ಉಡಿಕೆ ಸಾಲಿನ ಮನೆ ಯಾವ್ಯಾವ್ದು ಅಂತ ಮುದುಕ್ರಿಗೆ ಗೊತ್ತಿಲ್ವಾ? ಮರೀತಾವ್ರೆ, ಮರೀಲಿ ಬಿಡು ಅಂತ ಕಾಯ್ತಾ ಕೂತಿದ್ದೀವಿ ನಾವು. ಆ ಸಮಿತೀಲಿ ಕುರ್ಚಿ ಮೇಲೆ ಕೂರಕ್ಕೆ ನಾನು ಎಷ್ಟು ವರ್ಸ ಬಾಗಿಲಲ್ಲಿ ನಿಂತಿದ್ದೆ ಅಂತ ನಿಂಗೇನ್ ಗೊತ್ತು?"

ಅವರೂ ಅವ್ವನ ಒಡಹುಟ್ಟು, ಅದೇ ಸಾಲಿನವರು. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. 'ನಮ್ಮಂಥೋರ ಮನೇಲಿ ಆಗೋದಲ್ಲ' ಎಂದು ಅಂಗಡಿಯ ಮುಂದೆ ಅವರು ಹೇಳಿದ್ದರ ಅರ್ಥ ಆಗ ತಿಳಿಯಿತು.

"ತಂಗಿ ಮದ್ವೆ ಆಗ್ಲಿ. ಆಮೇಲೆ ನೀನು ಏನಾರ ಬರ್ಕೋ," ಎಂದು ಹೋದರು.

ಆದರೆ ಕಾಯುವ ಹಾಗಿರಲಿಲ್ಲ. ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು, ಇನ್ನೊಮ್ಮೆ ವಿಸ್ತರಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಸಲ್ಲಿಸಿದೆ. ಪ್ರಬಂಧ ಹೊರಗಿನ ಪರೀಕ್ಷಕರಿಗೆ ಹೋಯಿತು. ಒಬ್ಬರ ವರದಿ ಚೆನ್ನಾಗಿ ಬಂತು. ಇನ್ನೊಬ್ಬರು ತಿದ್ದುಪಡಿಗೆ ವಾಪಸ್ ಕಳಿಸಿದರು. ಐದನೇ ಅಧ್ಯಾಯ ಹೆಸರಿಲ್ಲದ ಒಬ್ಬ ಮಹಿಳೆಯ ಮಾತಿನ ಮೇಲೆ ನಿಂತಿದೆ. ಮಾತಾಡಿದವರನ್ನು ಹೆಸರಿಸಿ, ಬೇರೆ ಸಾಕ್ಷ್ಯಗಳಿಂದ ಗಟ್ಟಿ ಮಾಡಿ, ಇಲ್ಲವೇ ಅಧ್ಯಾಯ ಕೈಬಿಡಿ ಎಂದು ಬರೆದಿದ್ದರು. ಓದಿ ಸಿಟ್ಟು ಬಂತು. ಆದರೆ ಅವರ ಜಾಗದಲ್ಲಿ ಕೂತು ಯೋಚಿಸಿದರೆ ನಾನೂ ಅದನ್ನೇ ಬರೆಯುತ್ತಿದ್ದೆ.

ಮತ್ತೆ ಮನೆಗಳಿಗೆ ಹೋದೆ. ಮಾವನ ಮಾತು ನನಗಿಂತ ಮುಂಚೆ ತಲುಪಿತ್ತು. ಹಿಂದೆ ಕಾಫಿಯಾದರೂ ಕೊಡುತ್ತಿದ್ದವರು ಈಗ, "ಮನೇಲಿ ಯಾರೂ ಇಲ್ಲ," ಎಂದು ಮನೆಯೊಳಗಿನಿಂದಲೇ ಹೇಳಿದರು.

ಮಾರ್ಗದರ್ಶಕರು ಕೊಠಡಿಯ ಬಾಗಿಲು ಮುಂದೆ ಮಾಡಿ ಕೂರಿಸಿದರು. "ತೆಗೆದುಬಿಡಮ್ಮ. ನಾಲ್ಕು ಅಧ್ಯಾಯಕ್ಕೆ ಪದವಿ ಬರುತ್ತೆ. ನಾನಿನ್ನು ಹೆಚ್ಚು ದಿನ ಇಲ್ಲಿರಲ್ಲ. ನಾನು ಹೋದ ಮೇಲೆ ನಿನ್ನ ಪರ ಮಾತಾಡೋರು ಯಾರು? ಮೊದಲು ಪದವಿ ತಗೋ. ಅದು ಕೈಲಿದ್ರೆ ನಾಳೆ ಏನು ಬೇಕಾದರೂ ಬರೀಬಹುದು." ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ತೆಗೆದೆ. ಅಧ್ಯಾಯವನ್ನು ಕಂಪ್ಯೂಟರಿನಲ್ಲಿ ಅಳಿಸಲು ಒಂದು ಕ್ಷಣ ಸಾಕು. ಆದರೆ ಅಡಿಟಿಪ್ಪಣಿಗಳ ಕ್ರಮಸಂಖ್ಯೆ ಬದಲಿಸಬೇಕು, ಪರಿವಿಡಿ ತಿದ್ದಬೇಕು, ಮೊದಲ ಅಧ್ಯಾಯಗಳಲ್ಲಿ 'ಮುಂದೆ ನೋಡುವಂತೆ' ಎಂದಿರುವಲ್ಲೆಲ್ಲ ಅಳಿಸಬೇಕು. ಆ ಕೆಲಸ ಮಾಡುತ್ತ ಮಾಡುತ್ತ ಉಪಸಂಹಾರಕ್ಕೆ ಬಂದೆ. ಅಲ್ಲಿ ಹೇಳಲು ಏನೂ ಉಳಿದಿರಲಿಲ್ಲ. ಸಂಘ ಹುಟ್ಟಿತು, ಹೆಂಡ ಬಿಡಿಸಿತು, ಹಾಸ್ಟೆಲ್ ಕಟ್ಟಿಸಿತು. ವಾರ್ಷಿಕೋತ್ಸವದಲ್ಲಿ ಓದುವ ವರದಿಯ ಹಾಗೆಯೇ ಇತ್ತು, ಓದುವವಳೂ ನಾನೇ. ಪ್ರಿಂಟ್ ಹಾಕಿಸಲು ಕೊಟ್ಟು ಊರಿಗೆ ಬಸ್ ಹತ್ತಿದೆ. ಅವ್ವನಿಗಾದರೂ ನೆಮ್ಮದಿ ಕೊಟ್ಟೆನಲ್ಲ ಎನ್ನುವುದೊಂದೇ ಸಮಾಧಾನ.

ಅವ್ವ ಹಿತ್ತಲ ಬಾಗಿಲಲ್ಲಿ ಮೆಣಸು ಕೇರುತ್ತಿದ್ದಳು. ತಂಗಿ ಡ್ಯೂಟಿ ಮುಗಿಸಿ ಬಂದು ತಲೆ ಬಾಚುತ್ತಿದ್ದಳು. ಅಪ್ಪ ಜಗಲಿಯಲ್ಲಿದ್ದರು. ಹೇಳಿದೆ.

ಮೊರ ನಿಂತಿತು. "ತೆಗ್ದುಬುಟ್ಯಾ?"

"ನಿನಗೋಸ್ಕರಾನೇ ಅವ್ವ."

"ನಾನ್ ಕೇಳಿದ್ನಾ? ಹೆಸ್ರು ಬ್ಯಾಡ ಅಂದೆ, ಮಾತು ಬ್ಯಾಡ ಅಂದ್ನಾ? ನಮ್ಮಜ್ಜಿ ಬಾಯಿ ಬಿಡ್ಲಿಲ್ಲ, ನಮ್ಮವ್ವ ಬಾಯಿ ಬಿಡ್ಲಿಲ್ಲ. ನಾನು ಒಂದ್ಸಲ ಬಿಟ್ಟೆ. ನೀನು ಕೇಳ್ದೆ ಅಂತ ಬಿಟ್ಟೆ. ಅದ್ನೂ ಅಳಿಸ್ಬುಟ್ಯಾ? ಆ ಸಂಘದೋರಾದ್ರೂ ಗಾಡಿ ಕಟ್ಕಂಡು ಬಂದ್ರು ಕಣೆ. ನೀನು ಕೂತ ಜಾಗದಲ್ಲೇ ಮಾಡ್ಬುಟ್ಟೆ."

ತಂಗಿ ಬಾಚಣಿಗೆ ಹಿಡಿದೇ ಕೇಳಿದಳು. "ಎಷ್ಟು ಪುಟ ಇತ್ತಕ್ಕಾ ಅದು?"

"ಎಪ್ಪತ್ತು ಚಿಲ್ಲರೆ."

"ನನ್ನ ಗಂಡಿನ ಕಡೆಯೋರಿಗೆ ಹೆದರಿ ಅಷ್ಟೂ ತೆಗೆದ್ಯಾ? ಅವರೇನು ಅಷ್ಟು ಓದೋರಲ್ಲ ಬಿಡು."

"ನಗಾಡೋ ಮಾತಲ್ಲ ಇದು."

"ನಾನೂ ನಗಾಡ್ತಿಲ್ಲ. ಮದುವೆ ಆಗಿ ಎರಡು ವರ್ಷಕ್ಕೆ ಯಾರೋ ಮುದುಕಿ ಹೇಳಿ ಗೊತ್ತಾಯ್ತು ಅಂತಿಟ್ಕೋ. ಆವಾಗ ಅಲ್ಲಿ ಹಾಲು ಕಾಯಿಸ್ತಾ ನಿಂತ್ಕೊಳ್ಳೋಳು ನಾನು. ಈಗಲೇ ನಾನೇ ಹೇಳ್ತೀನಿ."

ಬೇಡ ಎಂದೆ. ಅವಳು ಕೇಳುವವಳಲ್ಲ. ಮರುದಿನ ಬಾಳ್ಳುಪೇಟೆಯ ಬೇಕರಿಯೊಂದರಲ್ಲಿ ಹುಡುಗನನ್ನು ಕೂರಿಸಿಕೊಂಡು ಎಲ್ಲ ಹೇಳಿ ಬಂದಳು. ನಾವು ಮೂವರೂ ಬಾಗಿಲಲ್ಲೇ ಕಾಯುತ್ತಿದ್ದೆವು.

"ಏನಂದ?"

"ಪೂರ್ತಿ ಕೇಳಿಸ್ಕೊಂಡ. ನಂಗೇನೂ ಇಲ್ಲ, ಅಪ್ಪನ್ನ ಕೇಳಿ ಹೇಳ್ತೀನಿ ಅಂದ."

"ಆಮೇಲೆ?"

"ಆಮೇಲೆ ಅವನೇ ಬಿಲ್ ಕೊಟ್ಟ. ಒಳ್ಳೆ ಹುಡುಗ ಪಾಪ."

ಅವನ ಫೋನ್ ಬರಲಿಲ್ಲ. ವಾರ ಕಳೆದ ಮೇಲೆ ಮಾವನ ಮೂಲಕ, ಸದ್ಯಕ್ಕೆ ದಿನ ನೋಡುವುದು ಬೇಡ ಎಂಬ ಮಾತು ಬಂತು. ಮಾವ ಅದನ್ನು ಅಪ್ಪನಿಗೆ ಮಾತ್ರ ಹೇಳಿ ಫೋನ್ ಇಟ್ಟರು. ತಂಗಿ ಆ ಸಂಜೆ ಊಟ ಮಾಡದೆ ಮಲಗಿದಳು. ನಗುನಗುತ್ತ ಹೋಗಿ ಬಂದವಳಿಗೆ ಅವನು ಇಷ್ಟವಾಗಿದ್ದ ಎನ್ನುವುದು ನನಗೆ ಆಗ ಗೊತ್ತಾಯಿತು. ಅವಳ ಪಕ್ಕ ಹೋಗಿ ಕೂತೆ. ಗೋಡೆ ಕಡೆ ತಿರುಗಿ, "ಇನ್ನು ತೆಗೆಯೋಕೆ ಕಾರಣ ಇಲ್ವಲ್ಲ. ಹಾಕು ಅದನ್ನ," ಎಂದಳು.

ಬೆಳಿಗ್ಗೆ ಅವ್ವ ಒಪ್ಪಿಗೆ ಪತ್ರ ಕೇಳಿದಳು. ಹೆಸರು ಬೇಡ ಎಂದು ಗುರುತು ಮಾಡಿದ್ದ ಹಳೆಯದನ್ನು ಹರಿದು, ಹೊಸದರ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ಅಪ್ಪ ಪಕ್ಕದಲ್ಲಿ ನಿಂತು ನೋಡಿದರು. "ಅದರ ಕೆಳಗೆ ನಂದೂ ಒತ್ಲಾ?" ಎಂದರು. ಅಗತ್ಯವಿಲ್ಲ ಎಂದೆ. ಆದರೂ ಒತ್ತಿದರು.

"ನಡಿ," ಎಂದಳು ಅವ್ವ.

"ಎಲ್ಲಿಗೆ?"

"ನೀನು ಹೋಗಿ ಬರಿಗೈಲಿ ಬಂದ್ಯಲ್ಲ, ಆ ಮನೆಗಳಿಗೆ."

ಪಾಳ್ಯದ ಎಲೆಯಡಿಕೆಯ ಮುದುಕಿಯ ಮನೆಗೇ ಮೊದಲು ಹೋದೆವು. ಅವ್ವ ನಮಸ್ಕಾರ ಮಾಡಿ ಕೂತು, ಮಳೆ, ಮೆಣಸಿನ ಬಳ್ಳಿ, ಸೊಸೆಯ ಬಾಣಂತನ ಎಲ್ಲ ವಿಚಾರಿಸಿದಳು. ಆಮೇಲೆ ತನ್ನ ಅಜ್ಜಿಯ ಕಥೆಯನ್ನು ಮೊದಲಿನಿಂದ ಕೊನೆಯ ತನಕ ಹೇಳಿದಳು. ಹೇಳಿ ಮುಗಿಸಿ, "ನಂದು ಹೇಳ್ದೆ. ಈ ಪುಸ್ತಕದಲ್ಲಿ ನನ್ ಹೆಸ್ರೂ ಹಾಕ್ತಾಳೆ. ಒಬ್ಬಳೇ ಇದ್ರೆ ಚೆನ್ನಾಗಿರಲ್ಲ ಕಣಕ್ಕ," ಎಂದಳು. ಮುದುಕಿ ಬಹಳ ಹೊತ್ತು ಜಗಿದಳು. ಎದ್ದು ಹೋಗಿ ಉಗಿದು ಬಂದು, "ಆ ಫೋನ್ ಹಚ್ಚು ಮಗಾ," ಎಂದಳು.

ಎಲ್ಲ ಕಡೆ ಹೀಗಾಗಲಿಲ್ಲ. ಒಂದು ಮನೆಯ ಮಗ ನಮ್ಮನ್ನು ಗೇಟಿನಿಂದಾಚೆ ಕಳಿಸಿದ. ಆನೇಮಹಲ್ ಹತ್ತಿರ ಒಬ್ಬಾಕೆ ಪೂರ್ತಿ ಹೇಳಿ, ಓದಿ ಹೇಳಲು ಹೋದಾಗ ಬೇಡ ಎಂದಳು; ಅಳಿಸಿದೆ. ಆದರೂ ಹೆಸರು ಕೊಟ್ಟ ಬಾಯಿಗಳು ಒಂದರ ಜೊತೆ ಒಂದು ಸೇರಿದವು, ನನ್ನ ನಕ್ಷೆಗಳಲ್ಲಿ ಎದ್ದು ಹೋಗುತ್ತಿದ್ದವರ ಕಾರಣ ಅವರ ಬಾಯಿಂದಲೇ ಬಂತು. ಅಧ್ಯಾಯವನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದೆ. ತಿದ್ದುಪಡಿಗೆ ಕೊಟ್ಟಿದ್ದ ಗಡುವಿನ ಕೊನೆಯ ದಿನ ಮಾರ್ಗದರ್ಶಕರು ಸಹಿ ಹಾಕುವ ಮುಂಚೆ ಅದನ್ನು ಪೂರ್ತಿ ಓದಿದರು. "ತೆಗಿ ಅಂದಿದ್ದೆ ನಾನು," ಎಂದರು. ಹೌದು ಸಾರ್ ಎಂದೆ. ಸಹಿ ಹಾಕಿದರು.

ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದು. ಸಂಘದ ಅಧ್ಯಕ್ಷರು ಬಂದಿದ್ದರು, ಮುಂದಿನ ಸಾಲಿನಲ್ಲಿ. ಮಾವ ಬಂದಿರಲಿಲ್ಲ. ಅವ್ವ, ತಂಗಿ ಹಿಂದಿನ ಬೆಂಚಿನಲ್ಲಿದ್ದರು. ಪರೀಕ್ಷಕರ ಪ್ರಶ್ನೆಗಳು ಮುಗಿದು ಸಭಿಕರು ಕೇಳಬಹುದು ಎಂದಾಗ ಅಧ್ಯಕ್ಷರು ಎದ್ದರು.

"ನಮ್ಮ ಹಿರಿಯರು ತಪ್ಪು ಮಾಡಿದರು ಅಂತ ನೀವು ಹೇಳ್ತಿದ್ದೀರಾ?"

ಅವರ ಬಂಗಲೆಯಲ್ಲಿ ಕುಡಿದ ಕಾಫಿ ನೆನಪಾಯಿತು. "ಸಾರ್, ಅವರು ಹಾಸ್ಟೆಲ್ ಕಟ್ಟಿಸದಿದ್ದರೆ ನಾನು ಇವತ್ತು ಇಲ್ಲಿ ನಿಂತಿರುತ್ತಿರಲಿಲ್ಲ. ಅದನ್ನು ಮೂರನೇ ಅಧ್ಯಾಯದಲ್ಲಿ ಬರೆದಿದ್ದೇನೆ. ನಮ್ಮ ಮುತ್ತಜ್ಜಿಯ ಮನೆಗೆ ನೀರು ಕೊಡಬೇಡಿ ಅಂದವರೂ ಅವರೇ. ಅದು ಐದನೇ ಅಧ್ಯಾಯ. ಎರಡೂ ನಡೆದಿದೆ ಸಾರ್."

ಅವರು ಕೂತರು. ಹೋಗುವಾಗ ನನ್ನ ಕಡೆ ನೋಡಲಿಲ್ಲ. ಅವ್ವನ ಮುಂದೆ ಹಾದು ಹೋಗುವಾಗ ಮಾತ್ರ ಒಂದು ಗಳಿಗೆ ನಿಂತು ಕೈ ಮುಗಿದರು. ಅದರ ಅರ್ಥವೇನೆಂದು ನಾನು ಇನ್ನೂ ಯೋಚಿಸುತ್ತಿದ್ದೇನೆ. ಆ ವರ್ಷದ ವಾರ್ಷಿಕೋತ್ಸವದಲ್ಲಿ ಕಲ್ಲಿನ ಸಾಲುಗಳನ್ನು ಎಂದಿನಂತೆ ಪೂರ್ತಿ ಓದಿಸಿದರಂತೆ. ಮಾವ ಇವತ್ತಿಗೂ ನಮ್ಮ ಮನೆಗೆ ಬಂದಿಲ್ಲ. ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದರೆ ಅವಳು ಕಾಫಿ ಲೋಟ ಕೈಗೆ ಕೊಡುವಾಗಲೇ ಈ ವಿಷಯ ಹೇಳಿಬಿಡುತ್ತಾಳೆ. ಒಂದೆರಡು ಮನೆಯವರು ಅದನ್ನು ಕೇಳಿಯೂ ಕಾಫಿ ಕುಡಿದು ಹೋಗಿದ್ದಾರೆ.

ಪದವಿ ಪ್ರಮಾಣಪತ್ರ ತರಲು ವಿಶ್ವವಿದ್ಯಾಲಯಕ್ಕೆ ಹೋದಾಗ ಅವ್ವನೂ ಜೊತೆಗೆ ಬಂದಳು. ಕೌಂಟರಿನಲ್ಲಿದ್ದವರು ಗುರುತಿನ ಚೀಟಿ ನೋಡಿ, ಸಹಿ ಹಾಕಿಸಿಕೊಂಡು, ಕವರಿನಿಂದ ತೆಗೆದು ಕೊಟ್ಟರು. ಹೆಸರಿನ ಹಿಂದೆ 'ಡಾ.' ಸೇರಿಕೊಂಡಿತು ಎಂದರು. ನಮ್ಮ ವಂಶದಲ್ಲಿ ಯಾರ ಹೆಸರಿಗೂ ಹಿಂದೆ ಏನೂ ಇರಲಿಲ್ಲ. ಎದೆ ಉಬ್ಬಿತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅದನ್ನು ಅವ್ವನ ಕೈಗೆ ಕೊಟ್ಟೆ. ಸೆರಗಿನಿಂದ ಕೈ ಒರೆಸಿಕೊಂಡು ಹಿಡಿದಳು. ಬೆರಳಿಟ್ಟು ಒಂದೊಂದೇ ಸಾಲು ಕೂಡಿಸಿ ಓದಿದಳು. ಕೊನೆ ಮುಟ್ಟಿ ಮತ್ತೆ ಮೇಲಿನಿಂದ ಓದಿದಳು.

"ಇದ್ರಲ್ಲಿ ನನ್ ಹೆಸ್ರು ಎಲ್ಲೈತೆ?"

"ಇದರಲ್ಲಿ ಇಲ್ಲ ಅವ್ವ. ಆ ದಪ್ಪ ಪುಸ್ತಕದಲ್ಲಿದೆ."

ಅವಳು ಪ್ರಮಾಣಪತ್ರವನ್ನು ಜೋಪಾನವಾಗಿ ಕವರಿಗೆ ಸೇರಿಸಿ ನನ್ನ ಮಡಿಲಲ್ಲಿಟ್ಟಳು.

"ಹಂಗಾರೆ ಇದು ನಿಂದು. ನಂದು ಕೊಡು."